ಕ್ಯಾಸೆಟ್ಟಿನ ಎರಡನೇ ಬದಿ

ನನ್ನ ಅತ್ತಿಗೆಯ ಮಾತನ್ನು ನಾನು ಅಳಿಸಿ ಹಾಕಿದೆ. ಮಾತಿಗೆ ಹೇಳುತ್ತಿಲ್ಲ — ನಿಜವಾಗಿಯೇ, ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿ, ಅದರ ಮೇಲೆ ಯಕ್ಷಗಾನದ ಹಾಡು ತುಂಬಿಸಿ.

ಎಪ್ಪತ್ತೊಂಬತ್ತರಲ್ಲಿ ಅಣ್ಣ ದೋಹಾದಲ್ಲಿದ್ದ. ಕೆಮ್ಮಣ್ಣು ಊರಿನ ನಮ್ಮ ಮನೆಯಲ್ಲಿ ಅಮ್ಮ, ಮದುವೆಯಾಗಿ ವರ್ಷ ತುಂಬಿದ್ದ ಸುಮತಿ ಅತ್ತಿಗೆ, ನಾನು. ಕಾಗದದ ಬದಲು ಕ್ಯಾಸೆಟ್ ಕಳಿಸುವುದು ಆಗಿನ ರೂಢಿ. ರಜೆ ಮುಗಿಸಿ ಗಲ್ಫಿಗೆ ಹೊರಡುವವರು ಯಾರಾದರೂ ಸಿಕ್ಕಿದರೆ ಸಾಕು, ಚಾವಡಿಯಲ್ಲಿ ಕೂತು ಸರದಿಯಂತೆ ಮಾತಾಡುತ್ತಿದ್ದೆವು — ಅಮ್ಮನ ಮಂಡಿನೋವು, ತೆಂಗಿನ ಫಸಲು, ಮಟ್ಟುವಿನಿಂದ ಬಂದ ಗುಳ್ಳ ಬದನೆ. ಅತ್ತಿಗೆ ಹೇಳುತ್ತಿದ್ದದ್ದು ಪ್ರತಿಸಲ ಒಂದೇ: "ನಾನು ಸೌಖ್ಯ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ." ಅತ್ತೆ, ನಾದಿನಿಯ ಎದುರು ಇನ್ನೇನು ಹೇಳಿಯಾಳು!

ಆ ಸಲ ಕಾರ್ಕಳದ ಒಬ್ಬರು ಹೊರಟಿದ್ದರು. ಕ್ಯಾಸೆಟ್ ತಲುಪಿಸುವುದು ನನ್ನ ಕೆಲಸ. ಸರಿಯಾಗಿ ತುಂಬಿದೆಯೇ ಎಂದು ತಿರುಗಿಸಿ ಹಾಕಿದರೆ, ಖಾಲಿ ಇರಬೇಕಾದ ಎರಡನೇ ಬದಿಯಲ್ಲಿ ಅತ್ತಿಗೆಯ ದನಿ. ನಾವು ಕಡಿಯಾಳಿ ದೇವಸ್ಥಾನಕ್ಕೆ ಹೋಗಿದ್ದಾಗ ಒಬ್ಬಳೇ ಕೂತು ತುಂಬಿಸಿದ್ದಳು.

"ಒಂದು ವಿಷಯ ಉಂಟು, ಹೇಳ್ಲಿಕ್ಕೆ ನಾಚಿಕೆ. ಎರಡು ತಿಂಗಳಿಂದ ನಿದ್ದೆ ಇಲ್ಲ. ಸುಮ್ಮನೆ ಅಳು ಬರ್ತದೆ. ಬಾವಿ ಹತ್ರ ಹೋಗ್ಲಿಕ್ಕೆ ಹೆದರಿಕೆ ಆಗ್ತದೆ. ಮಣಿಪಾಲದಲ್ಲಿ ಇದಕ್ಕೆ ಡಾಕ್ಟ್ರು ಇದ್ದಾರಂತೆ. ಅಮ್ಮನಿಗೆ ನೀವೇ ಒಂದು ಮಾತು ಹೇಳಿ."

ಮೂರು ಸಲ ಕೇಳಿದೆ. ಆಗಷ್ಟೇ ಕಾಪುವಿನಿಂದ ನನಗೆ ಸಂಬಂಧ ಬಂದಿತ್ತು. ಅಲ್ಲಿ ದೋಹಾದ ರೂಮಿನಲ್ಲಿ ಊರಿನವರೆಲ್ಲ ಒಟ್ಟಿಗೆ ಕೂತು ಕ್ಯಾಸೆಟ್ ಕೇಳುತ್ತಾರೆ. "ಆ ಮನೆಯ ಸೊಸೆಗೆ ತಲೆ ಸರಿ ಇಲ್ಲವಂತೆ" — ಇಷ್ಟು ಸಾಕಿತ್ತು. ಹೆದರಿದೆ. ಅಲ್ಲ, ಹೆದರಿಕೆ ಎಂದರೆ ನನಗೆ ಮರ್ಯಾದೆ ಕೊಟ್ಟ ಹಾಗಾಯಿತು, ಅದು ಸ್ವಾರ್ಥ. ರೇಡಿಯೋದಲ್ಲಿ ಯಕ್ಷಗಾನ ಬರುತ್ತಿತ್ತು. ಗುಂಡಿ ಒತ್ತಿದೆ.

ತಿಂಗಳ ನಂತರ ಅಣ್ಣನ ಕ್ಯಾಸೆಟ್ ಬಂತು. "ಎರಡನೇ ಸೈಡಿನ ಯಕ್ಷಗಾನ ಭಾರೀ ಲಾಯ್ಕಿತ್ತು! ಯಾರು ತುಂಬಿಸಿದ್ದು? ರೂಮಿನವ್ರೆಲ್ಲ ಎರಡೆರಡು ಸಲ ಕೇಳಿದ್ರು." ಅಮ್ಮ ನಕ್ಕಳು. ಅತ್ತಿಗೆ ನನ್ನ ಮುಖ ನೋಡಿದಳು. ಎದ್ದು ಅಡುಗೆಮನೆಗೆ ಹೋದಳು. ಬೈದಿದ್ದರೂ ಆಗುತ್ತಿತ್ತು.

ನನ್ನ ಮದುವೆ ಮುಗಿಯುವವರೆಗೆ ನಾನು ಸುಮ್ಮನಿದ್ದೆ. ನಾಲ್ಕು ತಿಂಗಳು! ತವರಿಗೆ ಬಂದು ನೋಡಿದರೆ ಅತ್ತಿಗೆಯ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಆಗ, ಆಗ ಮಾತ್ರ, "ಅತ್ತಿಗೆಯ ಹಲ್ಲು ತೋರಿಸಿಕೊಂಡು ಬರ್ತೇವೆ" ಎಂದು ಅಮ್ಮನಿಗೆ ಸುಳ್ಳು ಹೇಳಿ ಮಣಿಪಾಲದ ಬಸ್ಸು ಹತ್ತಿಸಿದೆ. ಡಾಕ್ಟರು ಮಾತ್ರೆ ಕೊಟ್ಟರು. ದಿನಾ ಸಂಜೆ ಸ್ವಲ್ಪ ನಡೆಯಿರಿ, ಮನಸ್ಸಿನಲ್ಲಿರುವುದನ್ನು ಒಬ್ಬರ ಹತ್ತಿರವಾದರೂ ಆಡಿ ಎಂದರು. ದೀಪಾವಳಿಯ ಹೊತ್ತಿಗೆ, ಬಂಗುಡೆ ಹಳತು ಎಂದು ಮೀನಿನವಳ ಜೊತೆ ಅವಳು ಜೋರು ಜಗಳ ತೆಗೆದಳು. ಖುಷಿಗೆ ನಾನು ಅತ್ತೇಬಿಟ್ಟೆ. ಅಣ್ಣನ ಲೆಕ್ಕದಲ್ಲಿ ಆ ಮಣಿಪಾಲದ ಓಡಾಟ ಇಂದಿಗೂ ಹಲ್ಲುನೋವಿಗೆ.

ಸಂಜೆಯ ನಡಿಗೆಯನ್ನು ಅವಳು ಈ ಹತ್ತು ವರ್ಷ ಬಿಟ್ಟಿಲ್ಲ. ಕಳೆದ ವಾರ ಜೊತೆಗೆ ಹೋದೆ. ಹೊಳೆಬದಿಯಲ್ಲಿ ನಿಂತು ಎಲ್ಲ ಹೇಳಿದೆ.

"ಗೊತ್ತುಂಟು," ಎಂದಳು. "ಆವತ್ತೇ ಗೊತ್ತಾಯ್ತು. ಎಷ್ಟು ಸಿಟ್ಟು ಬಂದಿತ್ತು ನಿನ್ನ ಮೇಲೆ!" ಸ್ವಲ್ಪ ದೂರ ನಡೆದಳು. "ಅದ್ರಲ್ಲಿ ನಾನು ಎಂತ ಹೇಳಿದ್ದೆ? ನನಗೆ ನೆನಪೇ ಇಲ್ಲ ಮಾರಾಯ್ತಿ."

ನನಗೆ ನೆನಪಿತ್ತು. ಒಂದಕ್ಷರ ಬಿಡದೆ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಪಾಪ ಅಲ್ವಾ, ಆ ಹುಡುಗಿ," ಎಂದಳು. ಮತ್ತೆ ನನ್ನ ಕೈ ಹಿಡಿದು, "ನಿನ್ನಣ್ಣನಿಗೂ ಹೇಳು. ಅದು ಅವರಿಗೆ ಹೇಳಿದ್ದಲ್ವಾ?"

ಎದೆಯ ಭಾರ ಇಳಿದಿದೆ. ಇಳಿಯುವಂಥದ್ದೇನನ್ನೂ ನಾನು ಮಾಡಿಲ್ಲ, ಆದರೂ ಇಳಿದಿದೆ. ಅಣ್ಣ ಬರುವ ತಿಂಗಳು ರಜೆಯಲ್ಲಿ ಬರುತ್ತಾನೆ. ಚಾವಡಿಯಲ್ಲಿ ಕೂರಿಸಿ ಹೇಳುತ್ತೇನೆ — ಅವಳ ಮಾತಿನಲ್ಲೇ, ಮೊದಲಿನಿಂದ.