ನೂರು ಕೆಜಿ ಚೀಲ

ಸೇಡು ಒಳ್ಳೆಯದಲ್ಲ ಎಂದು ಬುದ್ಧಿ ಹೇಳುವವರ ಕೆಲಸವನ್ನು ಯಾರೂ ಕದ್ದಿರುವುದಿಲ್ಲ. ನನ್ನದನ್ನು ಕದ್ದಿದ್ದರು.

ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಮ್ಮದೊಂದು ಓಪನ್ ಸೋರ್ಸ್ ಕ್ಲಬ್ ಇತ್ತು. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಸಾಫ್ಟ್‌ವೇರ್ ಕಲಿಯುವ ಹುಡುಗ ಹುಡುಗಿಯರ ಗುಂಪು. ನಾನು ಸಿರಿಗೇರಿಯಿಂದ ಬಸ್ಸಿಗೆ ಬರುತ್ತಿದ್ದೆ. ಅಧ್ಯಕ್ಷ ಬಳ್ಳಾರಿಯ ಗಾಂಧಿನಗರದವನೇ, ಫೈನಲ್ ಇಯರ್, ಮಾತಿನ ಮಲ್ಲ. ರೈತರು ಫಸಲಿನ ಲೆಕ್ಕ ಹಾಕುವ ಆ್ಯಪ್ ಒಂದಕ್ಕೆ ನಮ್ಮ ಕಡೆಯ ಭತ್ತದ ಲೆಕ್ಕ ಸೇರಿಸುವ ಕೋಡನ್ನು ನಾನು ಬರೆದೆ. ನನ್ನ ಹೆಸರಿನಲ್ಲಿ ಹೊರಗೆ ಹೋಗಬೇಕಿದ್ದ ಮೊದಲ ಕೆಲಸ ಅದು. ಒಮ್ಮೆ ನೋಡಿ ಎಂದು ಅವನಿಗೆ ಕೊಟ್ಟೆ. ನೋಡಿದ. ತನ್ನ ಹೆಸರಿನಲ್ಲಿ ಆ್ಯಪ್‌ನವರಿಗೆ ಕಳಿಸಿಯೂ ಬಿಟ್ಟ.

ಕೇಳಿದರೆ, "ಕ್ಲಬ್ಬಿನ ಕೆಲಸ ಅಂದ್ರ ಎಲ್ಲಾರ ಕೆಲಸಮ್ಮಾ. ಇದರಾಗ ನಂದು ನಿಂದು ಅಂತ ಇರಂಗಿಲ್ಲ," ಎಂದು ನಕ್ಕ. ಹಾಗಿದ್ದರೆ ಹೆಸರು ಮಾತ್ರ ನಿನ್ನದೇ ಯಾಕೋ ಬೇಕಿತ್ತು, ಪುಣ್ಯಾತ್ಮಾ!

ಆ ಸಿಟ್ಟಿನಲ್ಲೇ ಅವನು ಕಳಿಸಿದ್ದನ್ನು ತೆರೆದು ನೋಡಿದೆ. ಚೀಲಕ್ಕೆ ಎಪ್ಪತ್ತೈದು ಕೆಜಿ ಎಂದು ನಾನು ಬರೆದಿದ್ದೆ. ನಮ್ಮ ಕಡೆ ಭತ್ತದ ವ್ಯಾಪಾರ ನಡೆಯುವುದೇ ಆ ತೂಕದ ಮೇಲೆ. ಅನ್ನ ಉಣ್ಣುವುದಷ್ಟೇ ಗೊತ್ತಿದ್ದ ಮಹಾಶಯ ಅದು ನನ್ನ ತಪ್ಪೆಂದುಕೊಂಡು ನೂರು ಮಾಡಿದ್ದ! ದೂರದಲ್ಲಿ ಕೂತು ಪರಿಶೀಲಿಸಿದ ಆ್ಯಪ್‌ನವರು ಒಪ್ಪಿಕೊಂಡೂ ಆಗಿತ್ತು. ಹೇಳಬಹುದಿತ್ತು. ಹೇಳಲಿಲ್ಲ. ತಿದ್ದುಪಡಿ ಬರೆದಿಟ್ಟುಕೊಂಡು ಬಾಯಿ ಹೊಲಿದುಕೊಂಡು ಕೂತೆ.

ಸಿರುಗುಪ್ಪದಲ್ಲಿ ರೈತರಿಗೆ ಆ್ಯಪ್ ತೋರಿಸುವ ಕ್ಲಬ್ಬಿನ ಕಾರ್ಯಕ್ರಮವಾಯಿತು. ಮುಂದೆ ಹತ್ತಿರದ ಕರೂರಿನ ರೈತರು, ವೇದಿಕೆಯಲ್ಲಿ ನಮ್ಮ ಪ್ರಾಂಶುಪಾಲರು. ಅಧ್ಯಕ್ಷ "ಇದು ನಾನು ಬರೆದದ್ದು" ಎಂದು ಪರದೆಯ ಮೇಲೆ ತೋರಿಸಿದ. ಹಿರಿಯ ರೈತರೊಬ್ಬರು ತಮ್ಮ ಚೀಲಗಳೆಷ್ಟೆಂದು ಹೇಳಿದರು. ಬಂದ ತೂಕ ನೋಡಿ ಎದ್ದೇ ನಿಂತರು.

"ಏ ತಮ್ಮಾ, ನಾ ಅಷ್ಟು ಬೆಳದೇ ಇಲ್ಲಲ್ಲೋ! ನಿನ್ನ ಚೀಲ ಎಷ್ಟು ಕೆಜಿದು?"

"ನೂರು ಕೆಜಿದ್ರಿ."

ಸಭೆಯೆಲ್ಲ ಘೊಳ್ಳೆಂದಿತು. "ಎಪ್ಪತ್ತೈದರದ್ದು ಹೊತ್ತೇ ಹಮಾಲ್ರು ಬೆನ್ನು ಹಿಡ್ಕೊಂತಾರ. ನೂರರದ್ದು ನೀ ಬಂದು ಹೊರ್ತೀಯೇನ್ಲೇ?" ಎಂದು ಹಿಂದಿನಿಂದ ಯಾರೋ ಕೂಗಿದರು. ಅವನ ಮುಖ ಇಂಗು ತಿಂದ ಮಂಗನಂತಾಯಿತು. ನನಗೆ ಹಾಲು ಕುಡಿದಷ್ಟು ಸಂತೋಷ.

ಅವನು ನನ್ನ ಹತ್ತಿರ ಬಂದು, "ನಿನಗ ಗೊತ್ತಿತ್ತಲ್ಲಮ್ಮಾ, ಹೇಳಾಕ ಏನಾಗಿತ್ತು?" ಎಂದು ಹಲ್ಲು ಕಡಿದ.

"ನಿಮ್ಮ ಹೆಸರಿನ ಕೆಲಸ ಐತಲ್ಲಣ್ಣಾ, ನಾ ಹೆಂಗ ಬಾಯಿ ಹಾಕ್ಲಿ?"

"ಇದನ್ನ ಸರಿ ಮಾಡಾಕ ಯಾರಿಗರ ಬರ್ತೈತೇನ್ರೀ?" ಎಂದರು ಪ್ರಾಂಶುಪಾಲರು. ನಾನು ಎದ್ದು, ಲ್ಯಾಪ್‌ಟಾಪನ್ನು ಅವನ ಕೈಯಿಂದಲೇ ಇಸಿದುಕೊಂಡು, ಎಲ್ಲರೆದುರು ನನ್ನ ತಿದ್ದುಪಡಿಯನ್ನು ನನ್ನ ಹೆಸರಿನಲ್ಲೇ ಕಳಿಸಿದೆ. ಇಂಥ ಸಾಫ್ಟ್‌ವೇರಿನಲ್ಲಿ ಯಾರು ಬರೆದರು, ಯಾರು ತಿದ್ದಿದರು, ಯಾಕೆ ತಿದ್ದಿದರು ಎಂಬುದು ಲೋಕವೆಲ್ಲ ನೋಡುವಂತೆ ಉಳಿಯುತ್ತದೆ. ಕಾರಣ ಬರೆಯುವ ಜಾಗದಲ್ಲಿ ನಾನು ಬರೆದೆ: "ಮೂಲದಲ್ಲಿ ಸರಿಯಿತ್ತು. ಕದ್ದವರು ಕೆಡಿಸಿದ್ದಾರೆ."

ಕೆಲವು ದಿನಗಳಲ್ಲಿ ತಿದ್ದುಪಡಿಗೆ ಒಪ್ಪಿಗೆಯೂ ಸಿಕ್ಕಿತು. ನೌಕರಿ ಕೊಡುವ ಕಂಪನಿಯವರು ಇದನ್ನೆಲ್ಲ ತೆಗೆದು ನೋಡುತ್ತಾರೆ, ಕದ್ದವರು ಎಂಬ ಆ ಒಂದು ಸಾಲು ತೆಗೆಸು ಎಂದು ಅವನು ಬಸ್‌ಸ್ಟ್ಯಾಂಡಿನವರೆಗೂ ಬೇಡಿಕೊಳ್ಳುತ್ತ ಬಂದ. ಸಿರಿಗೇರಿ ಬಸ್ಸು ಬಂತು. ಹತ್ತಿ, ಕಿಟಕಿ ಪಕ್ಕ ಕೂತೆ.