ಪ್ರಾಂಪ್ಟರ್ ಕಲಿಸಿದ ನಾಲ್ಕನೇ ಕ್ಲಾಸು

ಅರವತ್ತರ ದಶಕದ ಕೊನೆಯಲ್ಲಿ ನಾನು ಹುಣಸೂರಿನಲ್ಲಿ ಟೀಚರಾಗಿದ್ದೆ. ಊರಿಗೆ ಬಂದ ನಾಟಕ ಕಂಪನಿಯ ನಟಿಯೊಬ್ಬಳು ಮಗಳನ್ನು ನನ್ನ ನಾಲ್ಕನೇ ಕ್ಲಾಸಿಗೆ ಸೇರಿಸಿದಳು. ಹುಡುಗಿ ಬಲು ಚುರುಕು. ಇನ್ನೇನು ಮಗ್ಗಿ ಬಾಯಿಗೆ ಬಂತು ಅನ್ನುವಷ್ಟರಲ್ಲಿ ಕಂಪನಿ ಟೆಂಟು ಕಿತ್ತು ಪಿರಿಯಾಪಟ್ಟಣಕ್ಕೆ ಹೊರಟಿತು.

ತಾಯಿ ಬಂದು ಕಣ್ಣೀರು ಹಾಕಿದಳು. "ನಾನಂತೂ ಬಣ್ಣ ಅಚ್ಕೊಂಡೇ ಸಾಯೋಳು ಮೇಡಮ್ಮೋರೆ. ಇವ್ಳು ನಾಕ್ನೇದು ಪಾಸಾದ್ರೆ ಇಲ್ಲೇ ಹಾಸ್ಟೆಲ್ಗೆ ಬುಡ್ತೀನಿ. ಫೇಲಾದ್ರೆ ಸ್ಟೇಜು ಅತ್ತುಸ್ತೀನಿ ಅಂತ ಮಾಲೀಕ್ರು ಹೇಳ್ಬುಟ್ಟವ್ರೆ."

ನನಗೋ ಮೂಗಿನ ತುದಿಯಲ್ಲೇ ಕೋಪ. ಹೆಡ್‌ಮಿಸ್ಸು "ಹಾಜರಿ ಇಲ್ಲದ ಮಗು, ಬಿಟ್ಟುಹಾಕಿ" ಎಂದದ್ದಕ್ಕೇ ಹಟ ಹತ್ತಿತು. ಪಾಠ ಬರೆದು ಬಸ್ಸಿನಲ್ಲಿ ಕಳಿಸುತ್ತೇನೆ, ಪರೀಕ್ಷೆಗೆ ಬರಲಿ ಎಂದುಬಿಟ್ಟೆ. ಆದರೆ ಅಲ್ಲಿ ಹೇಳಿಕೊಡುವವರು ಯಾರು? ತಾಯಿಗೆ ಅಕ್ಷರ ಬಾರದು, ಪಾರ್ಟನ್ನೆಲ್ಲ ಕೇಳಿಯೇ ಕಲಿತವಳು. ಕಂಪನಿಯಲ್ಲಿ ಸರಾಗವಾಗಿ ಓದುವವನೆಂದರೆ ಪ್ರಾಂಪ್ಟರ್ ಒಬ್ಬನೇ. ಪರದೆಯ ಎಡಕ್ಕೆ ಮರೆಯಲ್ಲಿ ಕೂತು, ನಟರು ಮಾತು ಮರೆತಾಗ ಮೊದಲ ಪದ ಪಿಸುಗುಟ್ಟುವುದು ಆತನ ಕೆಲಸ. ಇಪ್ಪತ್ತು ವರ್ಷ ಪಿಸುಗುಟ್ಟಿ ಗಂಟಲು ಗೊಗ್ಗರಾಗಿತ್ತು.

ಎರಡು ಭಾನುವಾರ ಆತನನ್ನು ಪಿರಿಯಾಪಟ್ಟಣದಿಂದ ಕರೆಸಿ ನಮ್ಮ ಜಗಲಿಯ ಮೇಲೆ ಕೂರಿಸಿಕೊಂಡು ಮೇಷ್ಟ್ರಾಗುವುದು ಹೇಗೆಂದು ಕಲಿಸಿದೆ. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಬೇಕು, ಮಗು ಯೋಚಿಸಬೇಕು ಎಂದರೆ ಆತನಿಗೆ ಬೆವರು ಕಿತ್ತುಕೊಂಡು ಬಂತು.

"ಸುಮ್ಕಿರದಾ? ಅಷ್ಟೊತ್ತು ಸುಮ್ಕಿದ್ರೆ ಜನ ಸೀಟಿ ಒಡೀತಾರೆ ಕಣ್ರೀ ಮೇಡಮ್ಮೋರೆ."

"ಇಲ್ಲಿ ಜನ ಎಲ್ಲಿದ್ದಾರ್ರೀ? ಇರೋದು ಒಂದು ಮಗು."

"ಅದೂ ಸರಿ ಅನ್ನಿ," ಎಂದು ತಲೆಯಾಡಿಸಿದ. ಅದನ್ನು ನಂಬಿದ್ದು ನನ್ನ ದಡ್ಡತನ.

ಪಿರಿಯಾಪಟ್ಟಣ ಆಯಿತು, ಕೆ.ಆರ್. ನಗರ ಆಯಿತು, ಎಚ್.ಡಿ. ಕೋಟೆ ಬಂತು. ಹೋದಲ್ಲೆಲ್ಲ ನನ್ನ ಲಕೋಟೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೋಗುತ್ತಿತ್ತು, ಉತ್ತರ ಬರುತ್ತಿತ್ತು. ಹಾಳೆಗೆ ಮುಖದ ಬಣ್ಣ ಮೆತ್ತಿರುತ್ತಿತ್ತು, ಆದರೆ ಒಂದು ಲೆಕ್ಕವೂ ತಪ್ಪಿರುತ್ತಿರಲಿಲ್ಲ. ಕೊನೆಗೆ ಪ್ರಾಂಪ್ಟರನ ಷರಾ: 'ನದಿಗಳು ಚೆನ್ನಾಗಿ ಬಂದಿವೆ. ಕೈ ಇನ್ನೂ ಸ್ವಲ್ಪ ಎತ್ತಬೇಕು.' ನಾನು ಅದನ್ನೆಲ್ಲ ಹೆಡ್‌ಮಿಸ್ಸಿಗೆ ತೋರಿಸಿ ಮೆರೆದದ್ದೇ ಮೆರೆದದ್ದು.

ಹಾಜರಿ ಇಲ್ಲದ ಮಗುವಾದ್ದರಿಂದ ಬಾಯಿಪರೀಕ್ಷೆಗೆ ಇನ್ಸ್‌ಪೆಕ್ಟರೇ ಬಂದರು. ಕೋಟೆಯಿಂದ ಬಂದಿಳಿದ ತಾಯಿಯನ್ನೂ ಪ್ರಾಂಪ್ಟರನನ್ನೂ ಹೊರಗೆ ಕಿಟಕಿಯ ಬಳಿ ನಿಲ್ಲಿಸಿ ನಾನು ಒಳಗೆ ನಿಂತೆ.

"ಮೈಸೂರು ಜಿಲ್ಲೆಯ ನದಿಗಳು ಯಾವುವಮ್ಮ?"

ಹುಡುಗಿ ಎದೆಯುಬ್ಬಿಸಿ ಒಂದು ಹೆಜ್ಜೆ ಮುಂದೆ ಬಂದಳು. ಕೈ ಎತ್ತಿದಳು. ಬಾಯಿ ಬಿಡಲಿಲ್ಲ. ಎಡಕ್ಕೆ ಕಣ್ಣು ಹೊರಳಿಸಿ ಕಾದಳು. ಎಡಕ್ಕಿದ್ದದ್ದು ನೀರಿನ ಹೂಜಿ.

"ಹೋಗಲಿ, ಏಳೆಂಟ್ಲ ಎಷ್ಟು?"

ಮತ್ತೆ ಹೂಜಿಯ ಕಡೆಗೇ ನೋಟ. ಆಗ ನನಗೆ ಹೊಳೆಯಿತು. ಈ ಮಹಾರಾಯ ಅಷ್ಟು ತಿಂಗಳೂ ಪ್ರತಿ ಉತ್ತರದ ಮೊದಲ ಪದ ಹೇಳಿಕೊಟ್ಟೇ ಪಾಠ ಮಾಡಿದ್ದಾನೆ. ಹುಡುಗಿಗೆ ಎಲ್ಲ ಗೊತ್ತು, ಶುರು ಮಾಡಿಕೊಡುವವರಿಲ್ಲ. ತಡೆಯಲಾರದೆ "ಕಾ..." ಎಂದೆ.

"ನೀವು ಹೊರಗೆ ಹೋಗಿ, ಮೇಡಂ," ಎಂದರು ಇನ್ಸ್‌ಪೆಕ್ಟರು.

ಹೊರಗೆ ಪ್ರಾಂಪ್ಟರ್ ಒದ್ದಾಡುತ್ತಿದ್ದ. "ಒಂದೇ ಒಂದು ಪದ ಮೇಡಮ್ಮೋರೆ, ಮಿಕ್ಕಿದ್ದು ಅವ್ಳೇ ನೋಡ್ಕತಾಳೆ."

"ಬಾಯಿ ಬಿಟ್ರೆ ಹಲ್ಲು ಉದುರಿಸ್ತೀನಿ," ಎಂದೆ. ಆತ ಹೆಗಲ ಟವಲನ್ನು ಬಾಯಿಗೆ ತುರುಕಿಕೊಂಡ. ತಾಯಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಗೋಡೆಗೊರಗಿದಳು. ಆತನನ್ನು ಮೇಷ್ಟ್ರು ಮಾಡಿದವಳು ನಾನೇ ಅಲ್ಲವೇ?

ಅಷ್ಟರಲ್ಲಿ ಗೊಗ್ಗರು ದನಿಯ ಪಿಸುಮಾತು ಕೇಳಿತು. "ಕಾವೇರಿ..."

ನಾನು ರೇಗಿ ಪ್ರಾಂಪ್ಟರನ ತೋಳು ಹಿಡಿದೆ. ಟವಲು ಬಾಯಲ್ಲೇ ಇತ್ತು. ಕಿಟಕಿಯಲ್ಲಿ ಇಣುಕಿದರೆ ಹುಡುಗಿ ಎಡಕ್ಕೆ ಬಾಗಿ, ಥೇಟ್ ಆತನ ದನಿಯಲ್ಲಿ, ತನಗೆ ತಾನೇ ಹೇಳಿಕೊಡುತ್ತಿದ್ದಾಳೆ. ಮರುಗಳಿಗೆ ನೆಟ್ಟಗೆ ನಿಂತು ತನ್ನ ಕಂಚಿನ ಕಂಠದಲ್ಲಿ, "ಕಾವೇರಿ, ಕಪಿಲಾ, ಲಕ್ಷ್ಮಣತೀರ್ಥ, ಸುವರ್ಣಾವತಿ." ಮತ್ತೆ ಎಡಕ್ಕೆ ಬಾಗಿ, "ಐವ..." ನೆಟ್ಟಗಾಗಿ, "ಐವತ್ತಾರು." ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟು, ಕೇಳಬೇಕಾದ್ದು ಕೇಳಬಾರದ್ದು ಎಲ್ಲ ಕೇಳಿದರು. ಒಂದೂ ತಪ್ಪಲಿಲ್ಲ.

"ಹೇಳಿಕೊಟ್ಟವಳೂ ಇವಳೇ, ಹೇಳಿದವಳೂ ಇವಳೇ," ಎಂದು ನಗುತ್ತ ಪಾಸು ಎಂದು ಬರೆದರು. "ಅದು ಯಾರ ದನಿಯಮ್ಮ?"

"ನಮ್ಮೇಷ್ಟ್ರುದು."

ಪ್ರಾಂಪ್ಟರ್ ಟವಲು ತೆಗೆದ. ಏನೋ ಹೇಳಲು ಬಾಯಿ ತೆರೆದ, ಮಾತೇ ಹೊರಡಲಿಲ್ಲ. ನಾನೂ ಹೇಳಿಕೊಡಲಿಲ್ಲ.