ಗಾಜಿನ ಮೇಷ್ಟ್ರ ನಾಲ್ಕನೇ ಕೋಣೆ

ಮೇಷ್ಟ್ರು ಮೊದಲ ಸಲ ಕಾಣಿಸಿಕೊಂಡ ದಿನ ಅಜ್ಜಿ ಶಾಲೆಯ ಕೋಣೆಯಲ್ಲಿ ಕಸ ಗುಡಿಸುತ್ತಿದ್ದಳು. ಗೋಡೆಯ ದೊಡ್ಡ ಟಿವಿ ಹೊತ್ತಿಕೊಂಡಿತು. ಬಿಳಿ ಅಂಗಿಯ ತೆಳ್ಳನೆ ಮನುಷ್ಯರೊಬ್ಬರು ಅದರೊಳಗಿಂದ ಕೋಣೆಯನ್ನೆಲ್ಲ ನೋಡಿ, ಇಲ್ಲಿ ದೊಡ್ಡವರು ಯಾರಿದ್ದೀರಿ ಎಂದು ಕೇಳಿದರು. ಮಕ್ಕಳೆಲ್ಲ ಅವಳತ್ತ ಕೈ ತೋರಿಸಿದರು. ಅಜ್ಜಿ ಪೊರಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟು ನೆಟ್ಟಗೆ ನಿಂತಳು.

"ನಿಲ್ಲಬೇಡಿ ಅಮ್ಮ, ಕೂತ್ಕೊಳ್ಳಿ. ಕೂರೋದೇ ನಿಮ್ಮ ಕೆಲಸ."

ಗಂಡ ಸತ್ತಾಗಿನಿಂದ ಅವಳಿಗೆ ಕೂತ್ಕೋ ಅಂದವರು ಅವರೊಬ್ಬರೇ. ಬಾಗಿಲ ಪಕ್ಕದ ಸ್ಟೂಲು ಅಂದಿನಿಂದ ಅವಳದಾಯಿತು.

ದೂರದ ಕಾಲೇಜಿನ ಗಣಿತವನ್ನು ಹಳ್ಳಿಯ ಹೈಸ್ಕೂಲ್ ಮಕ್ಕಳಿಗೆ ಟಿವಿಯಲ್ಲೇ ಕಲಿಸುವ ಏರ್ಪಾಡು ಅದು. ಇಲ್ಲಿ ತೆಗೆದ ಅಂಕವನ್ನು ಮುಂದೆ ಕಾಲೇಜಿನವರು ಲೆಕ್ಕಕ್ಕೆ ಹಿಡಿಯುತ್ತಿದ್ದರು. ನಾಲ್ಕು ಹಳ್ಳಿಯ ನಾಲ್ಕು ಕೋಣೆ. ಟಿವಿ ಗಾಜಿನ ಕೆಳಭಾಗದ ನಾಲ್ಕು ಚೌಕಗಳಲ್ಲಿ ಎಲ್ಲರೂ ಎಲ್ಲರಿಗೂ ಕಾಣುತ್ತಿದ್ದರು. ಒಂದು ಕೋಣೆ ಕಡಿಮೆಯಾದರೂ ಪಾಠ ನಿಲ್ಲುತ್ತದೆ, ಪ್ರತಿ ಕೋಣೆಯಲ್ಲೂ ದೊಡ್ಡವರೊಬ್ಬರು ಕೂತಿರಬೇಕು ಎಂಬುದು ಕಾಲೇಜಿನ ಕಟ್ಟುನಿಟ್ಟು. ಮುಂದಿನ ಬೆಂಚಿನಲ್ಲಿ ಅಜ್ಜಿಯ ಮೊಮ್ಮಗಳಿದ್ದಳು. ಅಪ್ಪನಿಲ್ಲದ ಹುಡುಗಿ. ಇಲ್ಲಿ ಗೆದ್ದರೆ ಕಾಲೇಜಿನಲ್ಲಿ ಒಂದು ವರ್ಷ ಉಳಿಯುತ್ತದೆ, ಹೇಗೋ ಓದಿಸಬಹುದು. ಸೋತರೆ ಓದು ಅಲ್ಲಿಗೇ ಮುಗಿಯಿತು.

ಮೇಷ್ಟ್ರು ಕಲ್ಲು ಒಡೆಯುವವನ ಮಗ. ಕಾಲೇಜು ದೂರವೆಂದು ಅವರ ಅಕ್ಕ ಓದು ಬಿಟ್ಟಿದ್ದಳಂತೆ. ಮದುವೆಯಾಗದ ಅವರು ಆ ಅಕ್ಕನ ಜೊತೆಯಲ್ಲೇ ಇದ್ದರು. ಡಸ್ಟರ್ ಪಕ್ಕದಲ್ಲೇ ಇದ್ದರೂ ಅಂಗೈಯಿಂದಲೇ ಬೋರ್ಡು ಒರೆಸಿ, ಅದೇ ಕೈಯನ್ನು ಮೂತಿಗೆ ಸವರಿಕೊಂಡು, ಪಾಠ ಮುಗಿಯುವ ಹೊತ್ತಿಗೆ ಮೀಸೆ ನರೆಸಿಕೊಂಡಿರುತ್ತಿದ್ದರು. ಮಕ್ಕಳು ಗಾಜಿನ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಆಗಾಗ ಕೆಮ್ಮುತ್ತಿದ್ದರು. ಆ ವರ್ಷದ ಫಲಿತಾಂಶ ನೋಡಲು ಅವರು ಉಳಿಯಲಿಲ್ಲ. ಮೊಮ್ಮಗಳು ಕಾಲೇಜು ಸೇರಿದ ಸುದ್ದಿಯನ್ನು ಅಜ್ಜಿ ಅವರ ಅಕ್ಕನಿಗೆ ಫೋನಿನಲ್ಲಿ ಹೇಳಬೇಕಾಯಿತು.

ಆದರೆ ಅದಕ್ಕೆ ಮುಂಚೆ, ವರ್ಷದ ನಡುವೆ, ನಾಲ್ಕನೇ ಹಳ್ಳಿಯ ಶಾಲೆ ಮುಚ್ಚಿತು. ಇದ್ದ ಬದ್ದ ಸಂಸಾರಗಳು ಊರು ಬಿಟ್ಟಿದ್ದವು. ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿಹಾಕಿ ಬೀಗ ಜಡಿದರು. ಟಿವಿ, ಕ್ಯಾಮೆರಾ ಬಿಚ್ಚಿಕೊಂಡು ಹೋಗಲು ಮಾತ್ರ ಯಾರೂ ಬರಲಿಲ್ಲ. ಮೇಷ್ಟ್ರು ಕಾಲೇಜಿಗೆ ಹೇಳಲಿಲ್ಲ. ಹೇಳಿದರೆ ಉಳಿದವರ ಓದೂ ನೀರುಪಾಲು. ಹಾಜರಿ ಕರೆಯುವಾಗ "ನಾಲ್ಕನೇ ಕೋಣೆ" ಎಂದು, ತಲೆ ತಗ್ಗಿಸಿ ತಾವೇ ಗುರುತು ಹಾಕಿಕೊಳ್ಳುತ್ತಿದ್ದರು. ಅಜ್ಜಿ ಕಂಡೂ ಕಾಣದವಳಂತೆ ಕೂತಳು. ಮೊಮ್ಮಗಳ ಜಡೆ ಕಣ್ಣೆದುರಿಗೇ ಇತ್ತು.

ಒಂದು ಮಧ್ಯಾಹ್ನ ಅವರು ಹಾಗೆ ಕರೆದಾಗ ಖಾಲಿ ಚೌಕದಿಂದ ಉತ್ತರ ಬಂತು.

"ಇದ್ದೀವಿ ಸರ್."

ಮಕ್ಕಳು ನಕ್ಕರು. ಬೇರೆ ಕೋಣೆಯ ದನಿ ಸುತ್ತಿಬಳಸಿ ಬಂದಿರಬೇಕು, ಲೈನಿನ ಹಣೆಬರಹವೇ ಅಷ್ಟು ಎಂದರು. ಮೇಷ್ಟ್ರು ನಗಲಿಲ್ಲ.

ಪಾಠಕ್ಕೆ ಮುಂಚೆ ಟಿವಿ ಹಾಕಿ ಗಾಜು ಒರೆಸುವುದು ಅಜ್ಜಿಯ ಪದ್ಧತಿ. ಮರುದಿನ ನಾಲ್ಕನೇ ಚೌಕದಲ್ಲಿ ಒಂದು ಕಲೆ ಕಂಡಿತು. ಉಜ್ಜಿದಳು. ಬಟ್ಟೆ ಒದ್ದೆ ಮಾಡಿ ಉಜ್ಜಿದಳು. ಕಲೆ ಈ ಕಡೆಯದಾಗಿರಲಿಲ್ಲ. ಅಲ್ಲಿ ಮೇಜಿನ ಮೇಲಿದ್ದ ಕುರ್ಚಿಯೊಂದು ಕೆಳಗಿಳಿದು ನಿಂತಿತ್ತು.

ಆಮೇಲೆ ಒಂದೊಂದಾಗಿ ಇಳಿದವು. ಆ ದನಿಯೂ ಬರುತ್ತಲೇ ಇತ್ತು: ತಿಳೀಲಿಲ್ಲ ಸರ್, ಇನ್ನೊಂದ್ಸಲ ಹೇಳಿ. ಮೇಷ್ಟ್ರು ಆ ಚೌಕದ ಕಡೆ ತಿರುಗಿ, ಪ್ರತಿ ಲೆಕ್ಕವನ್ನೂ ಎರಡನೇ ಸಲ ನಿಧಾನವಾಗಿ ಬಿಡಿಸುತ್ತಿದ್ದರು. ಮಕ್ಕಳು ಈಗ ನಗುತ್ತಿರಲಿಲ್ಲ. ಬೆಂಚಿನ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂರುತ್ತಿದ್ದರು.

ಮನೆಗೆ ಹೋಗುವ ದಾರಿಯಲ್ಲಿ ಮೊಮ್ಮಗಳು ಕೇಳಿದಳು, "ಅಲ್ಲಿರೋದು ಯಾರಜ್ಜಿ?"

"ಪಾಠ ಕೇಳೋರು. ನೀನೂ ಕೇಳು. ಎರಡು ಸಲ ಕೇಳಿದ್ರೆ ನಿನ್ನ ಕಿವಿಯೇನೂ ಸವೆಯಲ್ಲ."

ಬಾಯಲ್ಲಿ ಹಾಗಂದರೂ ಅವಳ ಕೈ ಹುಡುಗಿಯ ಮಣಿಕಟ್ಟನ್ನು ಮನೆ ಮುಟ್ಟುವ ತನಕ ಬಿಡಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಮಕ್ಕಳು ಹೋದ ಮೇಲೆ ಅಜ್ಜಿ ಟಿವಿ ಆರಿಸಲು ಕೈ ಚಾಚಿದಳು. ಬೇಡ ಎಂದರು ಮೇಷ್ಟ್ರು. ಆ ಊರಿನ ಬೀಗದ ಕೈ ಇಟ್ಟುಕೊಂಡವನಿಗೆ ಫೋನು ಮಾಡಿ ನೋಡಿಸಿದ್ದರಂತೆ. ಬೀಗ ಹಾಕಿದ ಹಾಗೇ ಇದೆ, ನೆಲದ ಧೂಳಿನಲ್ಲಿ ಒಂದು ಹೆಜ್ಜೆಯೂ ಇಲ್ಲ, ಇನ್ನು ಆ ಬಾಗಿಲಿಗೆ ತನ್ನನ್ನು ಕರೆಯಬೇಡಿ ಎಂದನಂತೆ.

"ಸುಳ್ಳು ಹಾಜರಿ ಹಾಕ್ದೆ ಅಮ್ಮ. ಈಗ ಅದು ಸುಳ್ಳಲ್ಲ."

ನಾಳೆ ಕಾಲೇಜಿನವರು ನಾಲ್ಕೂ ಚೌಕಗಳನ್ನು ನೋಡುತ್ತ ಕೂರುತ್ತಾರೆ, ದೊಡ್ಡವರಿಲ್ಲದ ಕೋಣೆ ಒಂದು ಕಂಡರೂ ಎಲ್ಲ ಮಕ್ಕಳ ಅಂಕ ರದ್ದು ಎಂದು ವಿವರಿಸಿದರು. ಇಲ್ಲಿ ಹೆಡ್‌ಮಾಸ್ಟರು ಕೂರುತ್ತಾರೆ. ಅಲ್ಲಿಗೆ ಯಾರೂ ಇಲ್ಲ.

ಅಜ್ಜಿ ಗಾಜಿನ ಹತ್ತಿರ ಹೋದಳು. ನಾಲ್ಕನೇ ಕೋಣೆಯಲ್ಲಿ ಕುರ್ಚಿಗಳೆಲ್ಲ ಇಳಿದು ಸಾಲಾಗಿ ನಿಂತಿದ್ದವು. ಪಾಠಕ್ಕೆ ಮುಂಚೆ ಒರೆಸುವಾಗ ಇಲ್ಲದ ಒಂದು ಸ್ಟೂಲು ಬಾಗಿಲ ಪಕ್ಕದಲ್ಲಿತ್ತು, ಇಲ್ಲಿ ಅವಳದು ಇರುವ ಜಾಗದಲ್ಲೇ, ಅವಳ ಸ್ಟೂಲಿನಷ್ಟೇ ಎತ್ತರದ್ದು.

"ಗಲಾಟೆ ಮಾಡ್ತಾರಾ ಮೇಷ್ಟ್ರೇ?"

"ಇಲ್ಲ. ತುಂಬಾ ಸುಮ್ಮನಿರ್ತಾರೆ."

ಅವರು ಅಂಗೈಯಿಂದ ಬೋರ್ಡು ಒರೆಸಿದರು. ಏನೂ ಬರೆದಿರದ ಜಾಗವನ್ನೂ ಒರೆಸಿದರು. ಆಮೇಲೆ ತಿರುಗಿ ಕೇಳಿದರು.

"ಬರೆಯೋರಿದ್ದಾರೆ ಅಮ್ಮ, ಕೂರೋರಿಲ್ಲ. ನೀವು ಹೋಗಿ ಕೂರ್ತೀರಾ?"